ವಿಮಾನಪ್ರವಾಸಿಯ ಗಂಟುಮೂಟೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂತಹ ಊರುಗಳಿಂದಲೂ ಈಗ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ದೂರದೇಶಗಳಿಗೆ ಹೊರಟಿರುವರು. ಮಗನ ಪೆಟ್ಟಿಗೆಯನ್ನು ತುಂಬುವ ತಾಯಿ ತಕ್ಕಡಿಯನ್ನು ಮುಂದಿಟ್ಟುಕೊಂಡು ಕೂಡುವವಳಲ್ಲ. ರಾಗಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ, ತೋಟದ ಕೊಬ್ಬರಿ ಎಲ್ಲವೂ ಅದರೊಳಗೆ ಸೇರುತ್ತವೆ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಆ ಪೆಟ್ಟಿಗೆಯನ್ನು ತೂಕಕ್ಕಿಟ್ಟೊಡನೆ ಅಂಕೆ ಮೀರುತ್ತದೆ. ನೂರಾರು ಜನರ ಕಣ್ಣೆದುರಿಗೆ ನೆಲದ ಮೇಲೆ ಗಂಟನ್ನು ಬಿಚ್ಚಿ, ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತಡಕಾಡುವ ಪ್ರಸಂಗವು ಒದಗುತ್ತದೆ. ಇದು ಚಿಕ್ಕ ಸಂಗತಿಯೆಂದು ನಾವು ಭಾವಿಸುವುದಿಲ್ಲ.

ಮಿತಿಯೇ ಇರಕೂಡದೆಂಬುದು ನಮ್ಮ ವಾದವಲ್ಲ. ವಿಮಾನವು ಇಂತಿಷ್ಟೇ ಭಾರವನ್ನೆತ್ತಿ ಏರಬಲ್ಲುದು. ಭಾರ ಹೆಚ್ಚಿದಷ್ಟೂ ಇಂಧನದ ವೆಚ್ಚವು ಹೆಚ್ಚುತ್ತದೆ. ಹೊರೆಯನ್ನು ಹಂಚುವಲ್ಲಿ ತಪ್ಪಾದರೆ ಸಮತೋಲಕ್ಕೇ ಧಕ್ಕೆ. ಒಂದು ಪೆಟ್ಟಿಗೆ 32 ಕಿಲೋ ಮೀರಕೂಡದೆಂಬ ನಿಯಮವಾದರೋ ಅದನ್ನು ಎತ್ತುವ ಕೂಲಿಕಾರನ ಬೆನ್ನಿನ ರಕ್ಷಣೆಗಾಗಿ ಇರುವಂಥದು. ಇವೆಲ್ಲವೂ ನ್ಯಾಯವೇ. ನಮ್ಮ ಆಕ್ಷೇಪಣೆ ಬೇರೆ.

ಮೊದಲನೆಯದು, ನಿಯಮಗಳ ಗೊಂದಲ. ದೇಶದೊಳಗಿನ ಸಾಧಾರಣ ದರ್ಜೆಯಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನಿಗೆ ಅವಕಾಶವುಂಟು. ಅಮೆರಿಕೆಯ ಮಾರ್ಗದಲ್ಲಿ ಬಹುಮಟ್ಟಿಗೆ ಪೆಟ್ಟಿಗೆಗಳ ಲೆಕ್ಕ, ಒಂದೊಂದಕ್ಕೆ 23 ಕಿಲೋ. ಕೊಲ್ಲಿ ದೇಶಗಳ ಮಾರ್ಗದಲ್ಲಿ ಹಲವೆಡೆ ಒಟ್ಟು ತೂಕದ ಲೆಕ್ಕ. ಎರಡು ಪೆಟ್ಟಿಗೆಗಳಲ್ಲಿ 46 ಕಿಲೋ ಹೊತ್ತು ಅಮೆರಿಕೆಯಿಂದ ಬೆಂಗಳೂರಿಗೆ ಬಂದವನು ಬೇರೊಂದು ಚೀಟಿಯಿಂದ ಶಿವಮೊಗ್ಗದ ಚಿಕ್ಕ ವಿಮಾನವನ್ನೇರಲು ಹೋದರೆ, ಅದೇ ಸಾಮಾನಿನಲ್ಲಿ 31 ಕಿಲೋ ಒಮ್ಮೆಗೇ 'ಹೆಚ್ಚುವರಿ'ಯಾಗಿಬಿಡುತ್ತದೆ. 2021ರಿಂದ ಸಾಮಾನಿಲ್ಲದ ಪ್ರಯಾಣಕ್ಕೆ ಕಡಿಮೆ ದರದ ಚೀಟಿಯನ್ನು ಮಾರಲು ಸಹ ಅಪ್ಪಣೆಯಾಗಿದೆ. ಅಗ್ಗವೆಂದು ಅದನ್ನು ಕೊಂಡವನಿಗೆ ನಿಜವಾದ ಬೆಲೆ ತಿಳಿಯುವುದು ತಕ್ಕಡಿಯ ಮುಂದೆ.

ಎರಡನೆಯದು, ದಂಡದಂತೆ ಬೀಳುವ ದರ. ವಿಮಾನಯಾನ ನಿರ್ದೇಶನಾಲಯವು 2016ರಲ್ಲಿ 15ರಿಂದ 20 ಕಿಲೋವರೆಗಿನ ಹೆಚ್ಚುವರಿ ಸಾಮಾನಿಗೆ ಕಿಲೋ ಒಂದಕ್ಕೆ 100 ರೂಪಾಯಿಯ ಮಿತಿಯನ್ನು ಕಟ್ಟಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2017ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿತು. ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ದರ ಕಟ್ಟುವ ಅಧಿಕಾರ ನಿರ್ದೇಶನಾಲಯಕ್ಕಿಲ್ಲದಿದ್ದರೆ, ಅದನ್ನು ಕೊಡತಕ್ಕ ಭಾರವು ಶಾಸನಸಭೆಯ ಮೇಲಿದೆಯಷ್ಟೆ! ಪ್ರಜೆಗಳ ಪ್ರತಿನಿಧಿಗಳು ಈ ವಿಷಯದಲ್ಲಿ ಮೌನವಾಗಿರುವುದೇಕೆ?

ಮೂರನೆಯದು, ತಕ್ಕಡಿ. ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ರೈತನಿಗೆ ತೂಕದ ಮರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಂಟಾದ ಮುಳ್ಳನ್ನು ಕಣ್ಣಾರೆ ಕಂಡಲ್ಲದೆ ಅವನು ಚೀಲ ಬಿಡನು. 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ವ್ಯವಹಾರದಲ್ಲಿ ಬಳಸುವ ತೂಕಯಂತ್ರವು ಪರೀಕ್ಷೆಗೊಳಗಾಗಿ ಮುದ್ರೆ ಪಡೆದಿರತಕ್ಕದ್ದು. ಸಂತೆಯ ವ್ಯಾಪಾರಿಗೆ ಸಲ್ಲುವ ಈ ಧರ್ಮವು ವಿಮಾನದ ಕಂಪನಿಗೂ ಸಲ್ಲಬೇಕು. ಅಂಕೆಯೂ ಮುದ್ರೆಯೂ ಪ್ರವಾಸಿಯ ಕಣ್ಣಿಗೆ ಕಾಣುವಂತಿರಲಿ. ಸಾಲಿನಲ್ಲಿ ನಿಲ್ಲುವುದಕ್ಕೆ ಮೊದಲೇ ಸಾಮಾನನ್ನು ಪುಕ್ಕಟೆಯಾಗಿ ತೂಗಿನೋಡಲು ಎಲ್ಲ ನಿಲ್ದಾಣಗಳ ಹೊಸ್ತಿಲಲ್ಲಿಯೂ ಯಂತ್ರಗಳಿರಲಿ. 1940ರಲ್ಲಿಯೇ ಮೈಸೂರು ಸರ್ಕಾರದ ನೆರವಿನಿಂದ ವಿಮಾನದ ಕಾರ್ಖಾನೆಯನ್ನು ಕಂಡ ನಾಡಿದು. ಇಲ್ಲಿಂದ ಹಾರುವವನಿಗೆ ತೂಕದ ಮಿತಿ, ಹೆಚ್ಚುವರಿ ದರಗಳನ್ನು ಕನ್ನಡದಲ್ಲಿ ಚೀಟಿಯೊಡನೆ ತಿಳಿಸಬೇಕೆಂದು ಕೇಳುವುದು ಅತಿಯಾಸೆಯೇ?

ಇನ್ನು ನಮ್ಮವರ ಪಾಲಿನ ಕರ್ತವ್ಯವೂ ಉಂಟು. ಬರಿಯ ಪೆಟ್ಟಿಗೆಯೇ ಮೂರು ನಾಲ್ಕು ಕಿಲೋ ತೂಗಬಹುದೆಂಬುದನ್ನು ಮರೆಯಬಾರದು. ಮನೆಯಲ್ಲಿ ತೂಕಯಂತ್ರವಿದ್ದರೆ ಮೊದಲು ಒಬ್ಬರೇ, ಆಮೇಲೆ ಪೆಟ್ಟಿಗೆಯನ್ನೆತ್ತಿಕೊಂಡು ನಿಂತು ಅಂತರವನ್ನು ತಿಳಿಯಬಹುದು. ಇಲ್ಲವಾದರೆ ಊರಿನ ಅಂಗಡಿಯ ತಕ್ಕಡಿಯುಂಟು. ಹೆಚ್ಚು ಒಯ್ಯಲೇಬೇಕಾದರೆ ಮುಂಗಡವಾಗಿ ಹಣ ಕಟ್ಟುವುದು ಸಾಮಾನ್ಯವಾಗಿ ಅಗ್ಗ. ಕೊಬ್ಬರಿಯನ್ನಂತೂ ಪೆಟ್ಟಿಗೆಯಲ್ಲಿಡಬೇಡಿರಿ. ಎಣ್ಣೆಯಂಶ ಹೆಚ್ಚಾದ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಕಾರಣ ವಿಶ್ವಸಂಸ್ಥೆಯ ಅಪಾಯಕರ ಸರಕುಗಳ ಪಟ್ಟಿಯಲ್ಲಿ 1363ನೆಯ ಸಂಖ್ಯೆಯನ್ನು ಪಡೆದಿದೆ. ತೋಟದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೂ ಪಾಲಿಸತಕ್ಕ ನಿಯಮ.

ಪ್ರಜೆಯು ನಿಯಮವನ್ನು ತಿಳಿದು ನಡೆಯಲಿ. ತಿಳಿಯುವಂತೆ ಹೇಳುವ ಹೊಣೆಯನ್ನು ಕಂಪನಿಯವರೂ ಸರ್ಕಾರದವರೂ ಹೊರಲಿ. ಮನೆಯಲ್ಲಿ ಪ್ರೀತಿಯಿಂದ ಕಟ್ಟಿದ ಗಂಟು ಪರರ ಮುಂದೆ ನೆಲದ ಮೇಲೆ ಬಿಚ್ಚಿಕೊಳ್ಳದಿರುವಷ್ಟು ಏರ್ಪಾಟನ್ನಾದರೂ ನಮ್ಮ ನಿಲ್ದಾಣಗಳಲ್ಲಿ ಕಾಣಲು ನಾವು ಬಯಸುತ್ತೇವೆ.