ಕೊಟ್ಟ ಮಾತು, ಕೊಡದ ಮಾತು

2004ನೆಯ ಡಿಸೆಂಬರ್ 26, ಕ್ರಿಸ್‌ಮಸ್ಸಿನ ಮರುದಿನ, ಭಾನುವಾರ. ಅಂದಿನ ಸುನಾಮಿಯು ನಮ್ಮ ಕಾಸಿಮೇಡಿನ ದೋಣಿಗಳನ್ನು ಒಡೆಯಿತು. ದಕ್ಷಿಣದ ವೇಲಂಕಣಿಯಲ್ಲಿ ಮಾತೆಯ ದರ್ಶನಕ್ಕೆ ಬಂದಿದ್ದ ಯಾತ್ರಿಕರನೇಕರು ಕಡಲ ಪಾಲಾದರು. ಆಗ ನಾವು ಬಂದರಿನ ಬಳಿಯ ಹೋಟೆಲೊಂದರಲ್ಲಿ ಸಪ್ಲೈಯರ್. “ಪ್ರಾರ್ಥನೆಗೆ ಬಂದವರನ್ನೇ ಕಾಯದ ದೇವರು ಇನ್ನಾರಿಗೆ ಮಾತು ಉಳಿಸಿಯಾನು?” ಎಂದು ಮೇಜುಮೇಜಿನಲ್ಲಿಯೂ ಕೇಳುತ್ತಿದ್ದರು. ನಾವೂ ಕೇಳಿದೆವು.

ನಾವು ಕ್ರೈಸ್ತರಲ್ಲ. ಆದರೂ ನೆರೆಯವರ ನಂಬಿಕೆಯನ್ನು ಅವರ ಗ್ರಂಥದಿಂದಲೇ ಅಳೆಯುವುದು ನ್ಯಾಯವೆಂದು, ಬಹುಕಾಲದ ಮೇಲೆ ಕನ್ನಡ ಸತ್ಯವೇದವನ್ನು ತೆರೆದೆವು. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ, ಕೈದಿಯಾಗಿ ರೋಮಿಗೆ ಹೊರಟ ಪೌಲನ ಹಡಗು ಬಿರುಗಾಳಿಗೆ ಸಿಕ್ಕುತ್ತದೆ. ಅದರಲ್ಲಿದ್ದವರು 276 ಮಂದಿ. ಪ್ರಾಣವೊಂದೂ ನಷ್ಟವಾಗದು, ಹಡಗು ಮಾತ್ರ ಹೋಗುವುದು ಎಂದು ಪೌಲನು ಹೇಳಿದನು. ನಡೆದುದೂ ಹಾಗೆಯೇ. ಈಜು ಬಲ್ಲವರು ಈಜಿದರು. ಉಳಿದವರು ಹಲಗೆ ಹಿಡಿದು ಮಾಲ್ಟಾದ ದಡ ಸೇರಿದರು.

ಹೋಟೆಲಿನವರಾದ ನಮ್ಮ ಕಣ್ಣಿಗೆ ಬಿದ್ದದ್ದು ಬೇರೆಯೇ. ಹದಿನಾಲ್ಕು ದಿನ ಅನ್ನವಿಲ್ಲದವರಿಗೆ ಪೌಲನು, ಮೊದಲು ಊಟ ಮಾಡಿರಿ ಎಂದನು. ರೊಟ್ಟಿ ಮುರಿದು ತಾನೇ ತಿಂದು ತೋರಿಸಿದನು! ನಾವಿಕರು ಚಿಕ್ಕ ದೋಣಿಯಿಳಿಸಿ ಓಡಲು ನೋಡಿದಾಗ, ಇವರು ಹಡಗಿನಲ್ಲಿ ನಿಲ್ಲದಿದ್ದರೆ ಯಾರೂ ಬದುಕಲಾರಿರೆಂದು ಸಿಪಾಯಿಗಳನ್ನು ಎಚ್ಚರಿಸಿದನು. ದೇವರ ಮಾತಿದೆಯೆಂದು ಯಾರೂ ಕೈಕಟ್ಟಿ ಕೂರಲಿಲ್ಲ.

ಆದರೆ ಆ ಭರವಸೆ ಆ ಹಡಗಿನವರಿಗೆ ಕೊಟ್ಟದ್ದು. ಬಿರುಗಾಳಿಯೇ ಬಾರದೆಂಬ ವಾಗ್ದಾನ ಆ ಗ್ರಂಥದಲ್ಲಿಲ್ಲ. ಲೋಕದಲ್ಲಿ ಸಂಕಟ ಉಂಟೆಂದು ಯೇಸುವೇ ಶಿಷ್ಯರಿಗೆ ಹೇಳಿದ್ದಾನೆ. ಭಕ್ತರೆಲ್ಲರಿಗೂ ಕೊಟ್ಟ ಮಾತು ರೋಮಿನವರಿಗೆ ಬರೆದ ಪತ್ರದಲ್ಲಿದೆ: ಮರಣವೂ ಅವರನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಎಂಬುದು. ಕ್ರೈಸ್ತರ ನಿಶ್ಚಯ ನಿಂತಿರುವುದು ಇದರ ಮೇಲೆ. ಕೊಡದ ಮಾತನ್ನು ದೇವರ ಖಾತೆಗೆ ಬರೆದು ಬಾಕಿ ಕೇಳಿದವರು ನಾವು.

ಹಾಗೆಂದು ವೇಲಂಕಣಿಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಈ ವಾದವನ್ನಿಡುವ ಧೈರ್ಯ ನಮಗಿಲ್ಲ. ಆಕೆಯ ಬಳಿ ಸುಮ್ಮನೆ ಕುಳಿತು ಒಂದು ತುತ್ತು ಉಣ್ಣಿಸಿದವರೇ ಪೌಲನ ಕೆಲಸ ಮಾಡಿದವರು.

ಮಾಲೀಕರಾದ ಮೇಲೆ ಒಮ್ಮೆ, ದೀಪಾವಳಿಗೆ ಊರಿಗೆ ಹೋಗಲು ಮುಂಗಡ ಕೊಡುವೆವೆಂದು ಕ್ಲೀನರ್ ಹುಡುಗನೊಬ್ಬನಿಗೆ ಹೇಳಿದ್ದೆವು. ಕೊಡಲಿಲ್ಲ. ಬಸ್ಸಿನ ಹೊತ್ತಿಗೆ ಅವನು ಚೀಲ ಹಿಡಿದು ಗಲ್ಲಾದ ಮುಂದೆ ನಿಂತಿದ್ದನು. ಅದಂತೂ ಕೊಟ್ಟ ಮಾತೇ ಆಗಿತ್ತು.