ಉಬ್ಬಸದ ನಿತ್ಯೌಷಧಕ್ಕಾಗಿ ಆರ್.ಎಚ್. ಕ್ಯಾಂಪ್ ನಿವಾಸಿಗಳ ಮನವಿ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ರಾಯಚೂರು, ಇವರ ಸನ್ನಿಧಿಗೆ



ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ನಿವಾಸಿಗಳಾದ ನಾವು ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ನಮ್ಮ ಹಿರಿಯರು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ, ಭತ್ತ ಬೆಳೆದು ಬದುಕು ಕಟ್ಟಿಕೊಂಡರು. ಆ ಭತ್ತದ ಸುಗ್ಗಿಯಲ್ಲಿಯೇ, ಕೊಯ್ಲಿನ ಯಂತ್ರವೆಬ್ಬಿಸುವ ಧೂಳೂ ಸುಡುವ ಹುಲ್ಲಿನ ಹೊಗೆಯೂ ಕವಿದಾಗ, ನಮ್ಮಲ್ಲಿ ಹಲವರಿಗೆ ಉಸಿರಾಡುವುದೇ ದುಸ್ತರವಾಗುತ್ತದೆ. ಈ ಉಬ್ಬಸವನ್ನು ಮನೆಯ ಬಂಗಾಳಿಯಲ್ಲಿ ನಾವು ಹಾಂಪಾನಿ ಎನ್ನುತ್ತೇವೆ, ನೆರೆಹೊರೆಯವರು ದಮ್ಮು ಎನ್ನುತ್ತಾರೆ.

ಕಳೆದ ಸುಗ್ಗಿಯ ಒಂದು ರಾತ್ರಿ ನಮ್ಮ ಓಣಿಯ ಎಂಟು ವರ್ಷದ ಬಾಲಕಿಯೊಬ್ಬಳು ಮಂಚದ ಅಂಚಿಗೆ ಕುಳಿತು, ಮೊಣಕಾಲ ಮೇಲೆ ಕೈಯೂರಿ, ಒಂದೊಂದು ಉಸಿರಿಗೂ ಹೆಗಲೆತ್ತುತ್ತಿದ್ದಳು. ಔಷಧ ಸೇದುವ ಪಂಪು (ಇನ್ಹೇಲರ್) ಮನೆಯಲ್ಲಿತ್ತು, ಅಜ್ಜಿ ಒತ್ತಿದಳು, ಔಷಧವು ಬಿಳಿಯ ಹಬೆಯಾಗಿ ತುಟಿಯಂಚಿನಿಂದ ಹೊರಗೆ ಹೋಯಿತು. ಅರ್ಧ ಲೀಟರಿನ ನೀರಿನ ಬಾಟಲಿಯ ತಳವನ್ನು ಪಂಪಿನ ಬಾಯಿಯಷ್ಟೇ ಕೊರೆದು, ಅದರೊಳಗೆ ಒತ್ತಿ, ಇನ್ನೊಂದು ತುದಿಯಿಂದ ಮೆಲ್ಲನೆ ಉಸಿರೆಳೆಸಿದ ಮೇಲೆಯೇ ಅದೇ ಔಷಧವು ಆ ಕೂಸಿನ ಎದೆಗೆ ಇಳಿದುದು. ಇಷ್ಟನ್ನು ಹೇಳಿಕೊಡುವವರು ಅದುವರೆಗೆ ಯಾರೂ ಇರಲಿಲ್ಲ.

ಉಬ್ಬಸವು ಆ ಒಂದು ರಾತ್ರಿಯ ವ್ಯಾಧಿಯಲ್ಲ. ಏದುಸಿರಿಲ್ಲದ ದಿನಗಳಲ್ಲಿಯೂ ಶ್ವಾಸನಾಳಗಳ ಒಳಪೊರೆಯು ಬಾತು ಕೆರಳಿಯೇ ಇರುತ್ತದೆ. ಸಾಲ್ಬುಟಮಾಲ್ ಪಂಪು ನಾಳಗಳ ಬಿಗಿತವನ್ನು ಕೆಲವು ಗಂಟೆಗಳ ಮಟ್ಟಿಗೆ ಸಡಿಲಿಸುವುದೇ ಹೊರತು ಬಾವನ್ನಿಳಿಸದು. ಅದನ್ನು ಇಳಿಸುವುದು ಬುಡೆಸೊನೈಡ್‌ನಂತಹ, ನಿತ್ಯವೂ ಸೇದಬೇಕಾದ ಸ್ಟೀರಾಯ್ಡ್ ಪಂಪು. ಪಂಪು ಒಮ್ಮೆ ಹಿಡಿದರೆ ಚಟವಾಗಿ ಅಂಟಿಕೊಳ್ಳುತ್ತದೆ, ಹೆಣ್ಣುಮಗಳ ಕೈಯಲ್ಲಿ ಕಂಡರೆ ಮದುವೆಗೆ ತೊಡಕು ಎಂಬ ಭೀತಿಯಿಂದ ಅದನ್ನು ಅಕ್ಕಿಡಬ್ಬಿಯ ಹಿಂದೆ ಬಚ್ಚಿಡುವ ಮನೆಗಳನ್ನು ನಾವು ಬಲ್ಲೆವು.

ಆದಕಾರಣ, ಈ ನಿತ್ಯೌಷಧವು ನಮಗೆ ಸಮೀಪದ ಆರೋಗ್ಯ ಕೇಂದ್ರದಲ್ಲಿಯೇ ವರ್ಷವಿಡೀ ಉಚಿತವಾಗಿ ದೊರೆಯಬೇಕೆಂದೂ, ಮಕ್ಕಳಿಗೆ ಆ ಬಾಟಲಿಯ ಕೆಲಸವನ್ನೇ ಮಾಡುವ ಸ್ಪೇಸರ್ ಕೊಟ್ಟು, ಪಂಪು ಸೇದುವ ಕ್ರಮವನ್ನು ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಕನ್ನಡ-ಬಂಗಾಳಿಗಳೆರಡರಲ್ಲಿಯೂ ಕೈಹಿಡಿದು ಕಲಿಸುವಂತಾಗಬೇಕೆಂದೂ, ರಾತ್ರಿ ದಮ್ಮು ಏರಿದವರಿಗೆ ಆಮ್ಲಜನಕವೂ ನೆಬ್ಯುಲೈಸರೂ ಅಲ್ಲಿಯೇ ಲಭಿಸಬೇಕೆಂದೂ ಪ್ರಾರ್ಥಿಸುತ್ತೇವೆ. ಹುಲ್ಲಿಗೆ ಬೆಂಕಿಯಿಡುವವರಲ್ಲಿ ನಾವೂ ಇದ್ದೇವೆ. ಆ ದೋಷವನ್ನು ಮರೆಮಾಚುವುದಿಲ್ಲ. ಹುಲ್ಲನ್ನು ಪೆಂಡಿ ಕಟ್ಟುವ ಯಂತ್ರವು ಸಣ್ಣ ರೈತರಿಗೆ ಕಡಿಮೆ ಬಾಡಿಗೆಗೆ ಸಿಗುವಂತೆ ತಾವು ಕೃಷಿ ಇಲಾಖೆಗೆ ಶಿಫಾರಸು ಮಾಡಿದಲ್ಲಿ ಕಡ್ಡಿ ಗೀರುವ ಕೈಗಳನ್ನು ನಾವೇ ತಡೆಯುವೆವು. ಮುಂಗಾರು ಭತ್ತದ ಕೊಯ್ಲು ಆರಂಭವಾಗುವ ಮುನ್ನವೇ ಔಷಧವಾದರೂ ಬಂದು ಸೇರುವಂತೆ ಅಪ್ಪಣೆಯಾಗಬೇಕು.

ಇಂತಿ ತಮ್ಮ ವಿಧೇಯರು,
ಆರ್.ಎಚ್. ಕ್ಯಾಂಪ್ ನಿವಾಸಿಗಳು