ಮರಿಗೆ ಬುದ್ಧಿ ಇಲ್ಲ ಅನ್ನೋರಿಗೆ

ನಮ್ಮ ಅಂಜನಾಪುರದ ಅಪಾರ್ಟ್‌ಮೆಂಟ್‌ಗಳ ಲಿಫ್ಟ್‌ನಲ್ಲಿ ಈಗೀಗ ಒಂದು ದೂರು ಜಾಸ್ತಿ ಕೇಳಿಸುತ್ತಿದೆ. "ಮರಿ ತಂದು ಎರಡು ವಾರ ಆಯ್ತು ಗುರು, ಇನ್ನೂ ಹಾಲ್‌ನಲ್ಲೇ ಉಚ್ಚೆ ಮಾಡುತ್ತೆ. ಬುದ್ಧಿನೇ ಇಲ್ಲ ಅದಕ್ಕೆ."

ಹಾಗಂದವರಿಗೆಲ್ಲ ನಾನು ಕೇಳೋದು ಒಂದೇ ಪ್ರಶ್ನೆ: ಬೆಳಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡ್ತೀರಿ? ಎಂಟೂವರೆಗೆ ಸಿಲ್ಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ವೈಟ್‌ಫೀಲ್ಡ್, ವಾಪಸ್ ಬರೋದು ರಾತ್ರಿ ಎಂಟಕ್ಕೆ. ಸರಿ, ಲೆಕ್ಕ ಹಾಕೋಣ. ನಾಯಿ ಸಾಕುವವರಲ್ಲಿ ಬಳಕೆಯಲ್ಲಿರುವ ಅಂದಾಜು ಹೀಗಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ 3 ಗಂಟೆ. ಅದೂ ಮಲಗಿದ್ದರೆ. ಎದ್ದು ಆಡುತ್ತಿದ್ದರೆ ಒಂದು ಗಂಟೆಯೂ ತಡೆಯಲ್ಲ. ನೀವು ಬಾಲ್ಕನಿಯಲ್ಲಿ ಕೂಡಿ ಹಾಕಿ ಹೋಗಿದ್ದು ಹನ್ನೊಂದೂವರೆ ಗಂಟೆ. ಇದು ಬುದ್ಧಿಯ ವಿಷಯ ಅಲ್ಲ ಸ್ವಾಮಿ, ಮೂತ್ರಕೋಶದ ವಿಷಯ.

ಆದರೂ ನಾವು ಪೇಪರ್ ಸುತ್ತಿ ಹೊಡೀತೀವಿ, ಮೂತಿ ಹಿಡಿದು ಉಚ್ಚೆಗೆ ತಿಕ್ಕುತ್ತೀವಿ. "ತಪ್ಪು ಮಾಡಿದ್ದು ಅದಕ್ಕೂ ಗೊತ್ತು, ಮುಖ ನೋಡಿ" ಅಂತ ಸಮರ್ಥನೆ ಬೇರೆ. ಆ ಮುಖದ ಬಗ್ಗೆ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಮೆರಿಕದ ಸಂಶೋಧಕಿ 14 ನಾಯಿಗಳ ಮೇಲೆ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ತಿನ್ನಬೇಡ ಅಂದ ತಿಂಡಿಯನ್ನು ತಿಂದ ನಾಯಿಗೂ ತಿನ್ನದ ನಾಯಿಗೂ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಯಜಮಾನರು ಗದರಿದಾಗ. ತಪ್ಪೇ ಮಾಡದ ನಾಯಿಯೂ ಗದರಿದರೆ ಅದೇ ಮುಖ ಹಾಕಿತು. ಅಂದರೆ ನಾವು ಪಶ್ಚಾತ್ತಾಪ ಅಂದುಕೊಂಡಿದ್ದು ಬರೀ ಭಯ. ಹೊಡೆತದಿಂದ ಮರಿ ಕಲಿಯೋದು ಒಂದೇ ಪಾಠ: ಇವರ ಎದುರಿಗೆ ಮಾಡಬಾರದು, ಸೋಫಾ ಹಿಂದೆ ಮಾಡಬೇಕು.

ನಾಯಿಗೆ ಶುಚಿ ಗೊತ್ತಿಲ್ಲ ಅನ್ನೋದೂ ಸುಳ್ಳು. ಸುಮಾರು ಮೂರು ವಾರದ ಮರಿ ತಾನಾಗಿಯೇ ಮಲಗೋ ಜಾಗ ಬಿಟ್ಟು ಪಕ್ಕಕ್ಕೆ ಹೋಗಿ ಉಚ್ಚೆ ಮಾಡೋಕೆ ಶುರು ಮಾಡುತ್ತೆ. ಮಲಗಿದಲ್ಲೇ ಎಲ್ಲವನ್ನೂ ಮಾಡಿಕೊಳ್ಳಬೇಕಾದ ಪಂಜರದಲ್ಲಿ ಬೆಳೆದರೆ ಆ ಅಭ್ಯಾಸ ಸತ್ತುಹೋಗುತ್ತೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ ಕೇಂದ್ರ ಸರ್ಕಾರದ 2017ರ ನಿಯಮ ಹೇಳುತ್ತೆ. ಎಂಟು ವಾರ ಅಂದರೆ 56 ದಿನ. ನಮ್ಮಲ್ಲಿ "45 ದಿನದ ಮರಿ" ಅಂತಲೇ ರಾಜಾರೋಷವಾಗಿ ಮಾರುತ್ತಾರೆ, ನಾವೂ ಚೌಕಾಸಿ ಮಾಡಿ ತರುತ್ತೀವಿ.

ಇನ್ನು ನಾವು ಇಲ್ಲದಾಗ ಆ ಉಚ್ಚೆ ಒರೆಸೋದು ಯಾರು? ಮನೆಕೆಲಸಕ್ಕೆ ಬರೋ ಅಕ್ಕ. ಪಾತ್ರೆ, ಕಸ, ನೆಲ ಅಂತ ಮಾತಾಡಿ ಸಂಬಳ ಗೊತ್ತು ಮಾಡಿದ್ದೀವಿ. ನಾಯಿ ಉಚ್ಚೆ ಆ ಮಾತಿನಲ್ಲಿ ಇರಲಿಲ್ಲ. ಅವರು ಫಿನೈಲ್ ಹಾಕಿ ಒರೆಸುತ್ತಾರೆ, ನಮ್ಮ ಮೂಗಿಗೆ ಮನೆ ಕ್ಲೀನ್. ಮರಿಯ ಮೂಗಿಗೆ ಹಳೇ ವಾಸನೆ ಅಲ್ಲೇ ಇರುತ್ತೆ, ಮತ್ತೆ ಅದೇ ಜಾಗಕ್ಕೆ ಹೋಗುತ್ತೆ. ಆ ವಾಸನೆ ಹೋಗಬೇಕಂದರೆ ಎನ್‌ಜೈಮ್ ಇರೋ ಕ್ಲೀನರ್ ಬೇಕು. ಅದನ್ನು ತಂದು ಒರೆಸಬೇಕಾದವರು ನಾಯಿ ತಂದವರು.

ಕಲಿಸೋ ದಾರಿ ಕಷ್ಟದ್ದಲ್ಲ, ಬೇಜಾರಿನದ್ದು. ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಮೇಲೆ, ಆಡಿದ ಮೇಲೆ, ರಾತ್ರಿ ಮಧ್ಯದಲ್ಲೂ ಒಂದು ಸಲ, ಎತ್ತಿಕೊಂಡು ಒಂದೇ ಜಾಗಕ್ಕೆ ಹೋಗಬೇಕು. ಲಸಿಕೆ ಪೂರ್ತಿ ಆಗುವವರೆಗೆ ಪಾರ್ವೋ ಭಯ ಇರೋದರಿಂದ ಬೀದಿ ಬದಿ ಬೇಡ. ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಒಂದು ಟ್ರೇ ಮಣ್ಣು ಸಾಕು. ಮಾಡಿ ಮುಗಿಸಿದ ತಕ್ಷಣ ಒಂದು ಚೂರು ತಿಂಡಿ, ಒಂದು ಶಭಾಷ್. ಐದು ನಿಮಿಷ ಬಿಟ್ಟು ಕೊಟ್ಟರೆ ಯಾಕೆ ಕೊಟ್ಟಿದ್ದು ಅಂತ ಅದಕ್ಕೆ ತಿಳಿಯಲ್ಲ. ತಿಂಗಳುಗಟ್ಟಲೆ ಇದೇ. ಇದಕ್ಕೆ ಆಪ್ ಇಲ್ಲ, ಶಾರ್ಟ್‌ಕಟ್ ಇಲ್ಲ. ಮನೆಯಲ್ಲಿ ಒಬ್ಬ ಮನುಷ್ಯ ಇರಬೇಕು ಅಷ್ಟೇ.

"ಹಾಗಾದರೆ ಕೆಲಸಕ್ಕೆ ಹೋಗೋರು ನಾಯಿ ಸಾಕಲೇಬಾರದಾ?" ಸಾಕಿ. ಆದರೆ ಮರಿಯೇ ಯಾಕೆ? ದೊಡ್ಡ ನಾಯಿಯನ್ನು ದತ್ತು ತಗೊಳ್ಳಿ, ಬೀದಿಯದ್ದಾದರೂ ಸರಿ. ಬೆಳೆದ ನಾಯಿ ಹೆಚ್ಚು ಹೊತ್ತು ತಡೆಯುತ್ತೆ, ಬೇಗ ಹೊಂದಿಕೊಳ್ಳುತ್ತೆ. ಅದಕ್ಕೂ ಮಧ್ಯಾಹ್ನ ಒಂದು ಸಲ ಹೊರಗೆ ಕರೆದೊಯ್ಯುವವರು ಬೇಕು, ಆದರೆ ಗಂಟೆಗೊಂದು ಸಲ ಅಲ್ಲ. ಮರಿಯೇ ಬೇಕಂದರೆ ಅಪ್ಪ ಅಮ್ಮ ಊರಿಂದ ಬಂದಿರೋವಾಗಲೋ ಉದ್ದ ರಜೆ ಸಿಕ್ಕಾಗಲೋ ತನ್ನಿ. ಮುದ್ದು ಬಂತು ಅಂತ ಶನಿವಾರ ತಂದು ಸೋಮವಾರ ಬೀಗ ಹಾಕಿ ಹೋಗಬೇಡಿ.

ಯಾಕೆ ಇಷ್ಟು ಖಾರವಾಗಿ ಬರೀತಿದ್ದೀನಿ ಅಂದರೆ, "ಕಲಿಯದ" ಮರಿಗಳು ಕೊನೆಗೆ ಎಲ್ಲಿಗೆ ಹೋಗ್ತವೆ ಅಂತ ನಮ್ಮ ಲೇಔಟ್‌ನಲ್ಲಿ ಕಣ್ಣಾರೆ ಕಾಣುತ್ತೆ. ಕೊರಳಲ್ಲಿ ಬೆಲ್ಟ್ ಇರೋ ಲ್ಯಾಬ್ರಡಾರ್ ಖಾಲಿ ಸೈಟಿನ ಪಾರ್ಥೇನಿಯಂ ನಡುವೆ ನಿಂತು, ಹೋಗೋ ಪ್ರತಿ ಕಾರನ್ನೂ ನೋಡುತ್ತಿರುತ್ತೆ. ಹೀಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಇಟ್ಟ ದಂಡ 10ರಿಂದ 50 ರೂಪಾಯಿ. ನಮ್ಮ ಒಂದು ಕಾಫಿಗೂ ಸಾಲದ ದುಡ್ಡು. ಕಾನೂನು ನಮ್ಮನ್ನು ತಡೆಯಲ್ಲ. ಹಾಗಾಗಿ ಮರಿ ತರೋ ಮುಂಚೆ ನಾವೇ ಕ್ಯಾಲೆಂಡರ್ ತೆಗೆದು ನೋಡಬೇಕು: ಮುಂದಿನ ಮೂರು ತಿಂಗಳು ಹಗಲು ಹೊತ್ತು ಮನೆಯಲ್ಲಿ ಯಾರಿರ್ತಾರೆ? ಉತ್ತರ "ಯಾರೂ ಇಲ್ಲ" ಅಂತಾದರೆ, ಮರಿ ಬೇಡ.